ಕೇಳಿಸಿಕೊಳ್ಳುವ ಆಟ ಮಾಡು, ಮಗಳೇ

ವಿಡಿಯೊ ಗೇಮ್ ಮಾಡೋ ಕೆಲಸ ಕಲಿಯೋಕೆ ಬೆಂಗಳೂರಿಗೆ ಹೋಗ್ತೀನಿ ಅಂತ ನೀನು ಹಟ ಹಿಡಿದಿರೋ ವಿಷಯ ನಿಮ್ಮಪ್ಪ ಹೇಳಿದ. ಅವನಿಗೆ ಚಿಂತೆ, ನನಗೆ ಸಂತೋಷ. ಫೀಸು, ಹಾಸ್ಟೆಲ್ಲು, ಸಾಲ ಇವನ್ನೆಲ್ಲ ನಾವು ಅಣ್ಣತಮ್ಮಂದಿರು ಕೂತು ಮಾತಾಡ್ಕೋತೀವಿ, ಅದರ ಗೊಡವೆ ನಿನಗೆ ಬೇಡ. ದೊಡ್ಡಪ್ಪನಾಗಿ ನಾನು ಹೇಳೋದು ಬೇರೆ. ಮಡಕಶಿರ ಬಿಟ್ಟು ಬಸ್ಸು ಹತ್ತೋ ಮೊದಲು ಕೆಲವು ಹಳೆ ಆಟಗಳನ್ನು ಕೊನೆವರೆಗೂ ಆಡು. 1997ರಿಂದ 1999ರ ಒಳಗೆ ಬಂದ ಆಟಗಳು. ನಮ್ಮ ಕಡೆ ಅವುಗಳ ಹೆಸರು ಕೇಳಿದವರೇ ಕಡಿಮೆ. ಒಂದೆರಡಂತೂ ಅಮೆರಿಕದಲ್ಲೂ ನೆಲಕಚ್ಚಿದವು. ಆದರೆ ನೀನು ಕಲಿಯಬೇಕಾದ ವಿದ್ಯೆ ಅವುಗಳಲ್ಲಿದೆ.

ಅವು ನಮ್ಮ ಕಡೆ ಯಾಕೆ ಬರಲಿಲ್ಲ ಅನ್ನೋದನ್ನ ಮೊದಲು ತಿಳ್ಕೋ. ರಾಯದುರ್ಗದಲ್ಲಿ ನನ್ನ ಟಿವಿ ರಿಪೇರಿ ಅಂಗಡಿ ಇದ್ದಾಗ ಹಿಂದಿನ ಕೋಣೆಯಲ್ಲಿ ಟಿವಿ ಗೇಮ್ ಇಟ್ಟಿದ್ದೆ. ನಿಂಟೆಂಡೊ ಕಂಪನಿ ಜಪಾನಿನಲ್ಲಿ 1983ರಲ್ಲಿ ತಂದ ಫ್ಯಾಮಿಕಾಮ್ ಅನ್ನೋ ಯಂತ್ರದ ನಕಲುಗಳು ಅವು. ಕ್ಯಾಸೆಟ್ ಮೇಲೆ ‘9999 ಆಟ’ ಅಂತ ಚೀಟಿ ಅಂಟಿಸಿರುತ್ತಿತ್ತು, ಒಳಗೆ ಇರ್ತಿದ್ದದ್ದು ಬೆರಳೆಣಿಕೆಯ ಆಟ, ಅವೇ ಮತ್ತೆ ಮತ್ತೆ ಬೇರೆ ಹೆಸರಲ್ಲಿ. ಕಾಂಟ್ರಾ, ಮಾರಿಯೊ, ಟ್ಯಾಂಕ್ ಆಟ, ಬೈಕ್ ಆಟ. ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ಹುಡುಗರು ಆಡ್ತಿದ್ದರು. 1998ರಲ್ಲಿ ಹೊರಗಿನ ಲೋಕ ಸಿ.ಡಿ. ಹಾಕಿ ಮೂರು ಆಯಾಮದ ಆಟ ಆಡ್ತಿದ್ದಾಗ ನಮ್ಮ ಹುಡುಗರ ಕೈಲಿದ್ದದ್ದು ಹತ್ತು ವರ್ಷ ಹಳೆಯ ಆಟ, ಆದರೆ ಅವರ ಪಾಲಿಗೆ ಅದೇ ಹೊಸದು, ಅದೇ ಚಂದ.

ಆ ಕೋಣೆಯಲ್ಲಿ ನಾನು ಕಂಡ ಒಂದು ವಿಷಯ ಇವತ್ತಿಗೂ ಮನಸ್ಸಿನಲ್ಲಿದೆ. ಓಡೋದು, ಹಾರೋದು, ಗುಂಡು ಹೊಡೆಯೋದು ಇದ್ದ ಆಟವನ್ನು ಯಾವ ಹುಡುಗನೂ ಎರಡೇ ನಿಮಿಷದಲ್ಲಿ ಕಲಿತುಬಿಡ್ತಿದ್ದ. ತೆರೆ ಮೇಲೆ ಇಂಗ್ಲಿಷ್ ಮಾತು ಬಂದು ನಿಂತರೆ ಸಾಕು, ಕೈ ನೇರ ರಿಸೆಟ್ ಗುಂಡಿಗೆ ಹೋಗ್ತಿತ್ತು. ಕನ್ನಡ ಮೀಡಿಯಂ ಹುಡುಗ, ತೆಲುಗು ಮೀಡಿಯಂ ಹುಡುಗ, ಇಬ್ಬರೂ ಹಾಗೇ. ಹೀಗಾಗಿ ಗುದ್ದಾಡೋ ಆಟ ನಮ್ಮೂರಿಗೆ ಬಂತು, ಮಾತಾಡೋ ಆಟ ಬರಲಿಲ್ಲ. ಅಡ್ವೆಂಚರ್ ಅಂತ ಕರೀತಾರಲ್ಲ, ಊರೂರು ತಿರುಗಿ, ಜನರನ್ನು ಮಾತಾಡಿಸಿ, ಗುಟ್ಟು ಬಿಡಿಸುವ ಆಟ, ಆ ಜಾತಿಯೇ ನಮ್ಮ ಮಕ್ಕಳಿಗೆ ಸಿಗಲಿಲ್ಲ. ಆ ಮಕ್ಕಳಿಗೆ ಬುದ್ಧಿ ಇರಲಿಲ್ಲ ಅಂತಲ್ಲ. ಅವರ ಭಾಷೆಯಲ್ಲಿ ಆ ಆಟಗಳು ಮಾತಾಡಲಿಲ್ಲ, ಅಷ್ಟೇ.

ಈಗ ನಾನು ಹೇಳೋ ಮೊದಲನೇ ಆಟ, ‘ದಿ ಲಾಸ್ಟ್ ಎಕ್ಸ್‌ಪ್ರೆಸ್’. 1997ರಲ್ಲಿ ಬಂದದ್ದು. ಮಾಡಿದವನು ಜಾರ್ಡನ್ ಮೆಕ್ನರ್. ಈ ಹೆಸರು ಗೊತ್ತಿಲ್ಲದಿದ್ದರೂ ಅವನ ಇನ್ನೊಂದು ಆಟ ನಿನ್ನ ಅಣ್ಣಂದಿರಿಗೆಲ್ಲ ಗೊತ್ತು: 1989ರ ‘ಪ್ರಿನ್ಸ್ ಆಫ್ ಪರ್ಷಿಯಾ’. ಕಂಪ್ಯೂಟರ್ ಕ್ಲಾಸಿನಲ್ಲಿ ಮೇಷ್ಟ್ರು ಹೊರಗೆ ಹೋದ ತಕ್ಷಣ ತೆಗೀತಿದ್ದ ಆಟ. ಆ ರಾಜಕುಮಾರ ಅಷ್ಟು ಸಹಜವಾಗಿ ಓಡೋದಕ್ಕೆ ಕಾರಣ, ಮೆಕ್ನರ್ ತನ್ನ ತಮ್ಮನನ್ನು ಓಡಿಸಿ, ಹಾರಿಸಿ, ವಿಡಿಯೊ ತೆಗೆದು, ಒಂದೊಂದು ಚಿತ್ರವನ್ನೂ ನೋಡಿ ಬರೆದದ್ದು. ಅದೇ ಮನುಷ್ಯ ಮುಂದೆ ಸಿಕ್ಕ ಹಣ, ಹೆಸರು ಎಲ್ಲ ಹಾಕಿ ಒಂದು ರೈಲಿನ ಆಟ ಮಾಡಿದ.

1914ರ ಜುಲೈ. ಮೊದಲನೇ ಮಹಾಯುದ್ಧ ಶುರುವಾಗೋಕೆ ಇನ್ನು ಕೆಲವೇ ದಿನ. ಪ್ಯಾರಿಸ್ಸಿನಿಂದ ಕಾನ್‌ಸ್ಟಾಂಟಿನೋಪಲ್ ಕಡೆ ಹೊರಟ ಓರಿಯೆಂಟ್ ಎಕ್ಸ್‌ಪ್ರೆಸ್. ರಾಬರ್ಟ್ ಕ್ಯಾಥ್ ಅನ್ನೋ ಅಮೆರಿಕದ ವೈದ್ಯ ಗೆಳೆಯನನ್ನು ಕಾಣೋಕೆ ಓಡೋ ರೈಲು ಹತ್ತುತ್ತಾನೆ. ಒಳಗೆ ಹೋಗಿ ನೋಡಿದರೆ ಗೆಳೆಯ ಕೊಲೆಯಾಗಿ ಬಿದ್ದಿದ್ದಾನೆ. ಇನ್ನು ಮೂರು ದಿನ ನೀನು ಆ ರೈಲಿನ ಬೋಗಿಗಳಲ್ಲೇ ಇರಬೇಕು. ಗೋಡೆ, ದೀಪ, ಮರದ ಕೆತ್ತನೆ ಎಲ್ಲ ಆ ಕಾಲದ್ದೇ ಆಗಬೇಕು ಅಂತ ಮೆಕ್ನರ್ ತಂಡದವರು ಹುಡುಕಿಕೊಂಡು ಹೋಗಿ, ಗ್ರೀಸಿನ ಅಥೆನ್ಸ್‌ನ ರೈಲ್ವೆ ಯಾರ್ಡಿನಲ್ಲಿ ನಿಂತಿದ್ದ ಹಳೆಯ ಮಲಗುವ ಬೋಗಿಯೊಂದನ್ನು ಕಂಡು, ಅದನ್ನೇ ನೋಡಿ ಚಿತ್ರಿಸಿದರು. ನಟರ ಮುಖಕ್ಕೂ ಬಟ್ಟೆಗೂ ಕಪ್ಪು ಗೆರೆ ಬಳಿದು, ಸಿನಿಮಾ ತೆಗೆದ ಹಾಗೆ ತೆಗೆದು, ಆಮೇಲೆ ಅದನ್ನು ಆ ಕಾಲದ ಯುರೋಪಿನ ಪೋಸ್ಟರ್ ಚಿತ್ರಗಳ ಶೈಲಿಗೆ ತಿರುಗಿಸಿದರು.

ಇದಕ್ಕಿಂತ ದೊಡ್ಡದು ಆ ಆಟದ ಕಾಲ. ಅಲ್ಲಿ ಗಡಿಯಾರ ನಿನಗೋಸ್ಕರ ಕಾಯೋದಿಲ್ಲ. ನಿಜವಾದ ಕಾಲಕ್ಕಿಂತ ಆರು ಪಟ್ಟು ಜೋರಾಗಿ ಓಡುತ್ತೆ. ನೀನು ಊಟದ ಬೋಗಿಯಲ್ಲಿ ಕೂತಿದ್ದಾಗ ಇನ್ನೊಂದು ಕೋಣೆಯಲ್ಲಿ ಇಬ್ಬರು ಏನೋ ಮಾತಾಡಿ ಮುಗಿಸಿರ್ತಾರೆ. ಎಲ್ಲರೂ ತಮ್ಮ ತಮ್ಮ ಪಾಡಿಗೆ ಬದುಕ್ತಿದ್ದಾರೆ, ಊಟ ಮಾಡ್ತಾರೆ, ಜಗಳ ಆಡ್ತಾರೆ, ಮಲಗ್ತಾರೆ. ನಿನ್ನ ಕೆಲಸ ಹಜಾರದಲ್ಲಿ ಅಡ್ಡಾಡುತ್ತಾ ಕಿವಿಗೊಡೋದು. ಒಂದು ದಿನ ಆಸ್ಟ್ರಿಯಾದ ಹೆಣ್ಣುಮಗಳೊಬ್ಬಳು ಪಿಟೀಲು ನುಡಿಸ್ತಾಳೆ, ಜೊತೆಗೆ ಪಿಯಾನೊ. ರೈಲಿನ ಜನ ಅಲ್ಲಿ ಸೇರಿರ್ತಾರೆ. ಕೂತು ಪೂರ್ತಿ ಕಛೇರಿ ಕೇಳಬಹುದು. ಇಲ್ಲ, ಮೆಲ್ಲಗೆ ಎದ್ದು ಹೋಗಿ ಅವರ ಖಾಲಿ ಕೋಣೆಗಳನ್ನು ಜಾಲಾಡಬಹುದು. ಆಗಲೂ ಪಿಟೀಲಿನ ದನಿ ನಿನ್ನ ಹಿಂದೆಯೇ ಬರ್ತಿರುತ್ತೆ, ಸಂಗೀತ ಮುಗಿಯೋದರೊಳಗೆ ವಾಪಸು ಬರಬೇಕು ಅನ್ನೋ ಭಯ ಎದೆಯಲ್ಲಿರುತ್ತೆ. ಇಪ್ಪತ್ತೈದು ವರ್ಷದ ಮೇಲೂ ಇದಕ್ಕೆ ಸರಿಗಟ್ಟುವ ದೃಶ್ಯ ಆಟಗಳಲ್ಲಿ ನಾನು ನೋಡಿಲ್ಲ.

ನಮ್ಮ ಕಡೆಯವಳಾಗಿ ನೀನು ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಆ ರೈಲಿನಲ್ಲಿ ಫ್ರೆಂಚರು ಫ್ರೆಂಚ್ ಆಡ್ತಾರೆ, ಜರ್ಮನರು ಜರ್ಮನ್, ರಷ್ಯನ್ನರು ರಷ್ಯನ್, ಸರ್ಬಿಯಾದವರು ತಮ್ಮ ಭಾಷೆ. ಕ್ಯಾಥ್‌ಗೆ ಬರುವ ಭಾಷೆಯ ಮಾತಿಗೆ ಮಾತ್ರ ಕೆಳಗೆ ಇಂಗ್ಲಿಷ್ ಸಾಲು ಮೂಡುತ್ತೆ. ಅವನಿಗೆ ಬಾರದ ಭಾಷೆ ಬರೀ ದನಿಯಾಗಿ ಕಿವಿಗೆ ಬೀಳುತ್ತೆ. ದನಿಯ ಏರಿಳಿತದಿಂದ, ಮುಖದಿಂದ, ನಡುವೆ ಬರುವ ಒಂದು ಹೆಸರಿನಿಂದ ಊಹೆ ಮಾಡಬೇಕು.

ಇದನ್ನು ಮೊದಲ ಸಲ ಕೇಳಿದಾಗ ನನಗೆ ಬಳ್ಳಾರಿ-ರಾಯದುರ್ಗದ ಬಸ್ಸಿನಲ್ಲಿ ಕೂತ ಹಾಗೇ ಅನ್ನಿಸಿತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಆದಾಗ ಬಳ್ಳಾರಿ ಜಿಲ್ಲೆಯಲ್ಲಿದ್ದ ನಮ್ಮ ರಾಯದುರ್ಗ ತಾಲ್ಲೂಕು ಅನಂತಪುರಕ್ಕೆ ಬಂತು, ಬಳ್ಳಾರಿ ಮೈಸೂರಿಗೆ ಹೋಯಿತು. ಗೆರೆ ಬದಲಾಯಿತು, ಮನೆ ಮಾತು ಬದಲಾಗಲಿಲ್ಲ. ನಿಮ್ಮ ಮಡಕಶಿರವಂತೂ ಸಿರಾ, ಪಾವಗಡದ ಮಗ್ಗುಲಲ್ಲೇ ಇದೆ. 2022ರಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ಆದರೂ ಕನ್ನಡ ಶಾಲೆಗಳಿವೆ, ಕನ್ನಡ ಸಂತೆ ಇದೆ. ಒಂದೇ ಮಾತು ಕನ್ನಡದಲ್ಲಿ ಶುರುವಾಗಿ ತೆಲುಗಿನಲ್ಲಿ ಮುಗಿಯೋದು ನಮಗೆ ದಿನನಿತ್ಯದ ವಿಷಯ. ತೆಲುಗಿನಲ್ಲಿ ಚೌಕಾಸಿ, ಕನ್ನಡದಲ್ಲಿ ಬೈಗುಳ, ಆಫೀಸಿನಲ್ಲಿ ಇಂಗ್ಲಿಷ್ ಅರ್ಜಿ. ಇದನ್ನು ಕೊರತೆ ಅಂತ ನಾಚಿಕೊಂಡವರನ್ನ ನಾನು ಬಹಳ ನೋಡಿದೀನಿ. ಆದರೆ ಅಮೆರಿಕದ ಒಬ್ಬ ಆಟ ಕಟ್ಟುವ ಮೇಧಾವಿ ಲಕ್ಷಾಂತರ ಡಾಲರ್ ಖರ್ಚು ಮಾಡಿ ಕಟ್ಟಿದ ಆ ಬಹುಭಾಷೆಯ ಹಜಾರ ನಿನ್ನ ಮನೆ ಬಾಗಿಲಲ್ಲೇ ಇದೆ. ಅದು ನಿನ್ನ ಆಸ್ತಿ.

ಆ ಆಟ ಮಾರಾಟವಾಗಲಿಲ್ಲ. ಅದನ್ನು ಹೊರತಂದ ಬ್ರೋಡರ್‌ಬಂಡ್ ಕಂಪನಿಯಲ್ಲಿ ಪ್ರಚಾರ ನೋಡಿಕೊಳ್ಳುವವರು ಬಿಡುಗಡೆಗೆ ಕೆಲವೇ ವಾರ ಮೊದಲು ಕೆಲಸ ಬಿಟ್ಟು ಹೋದರು, ಜಾಹೀರಾತೇ ಸರಿಯಾಗಿ ಬರಲಿಲ್ಲ. ಒಳ್ಳೆ ಆಟ ಮಾಡಿದರೆ ತಾನಾಗೇ ಜನ ಬರ್ತಾರೆ ಅಂತ ಯಾರಾದರೂ ಹೇಳಿದರೆ ನಂಬಬೇಡ. ಮಾಡೋದು ಒಂದು ಕೆಲಸ, ಜನರಿಗೆ ಮುಟ್ಟಿಸೋದು ಇನ್ನೊಂದು ಕೆಲಸ, ಎರಡನ್ನೂ ಕಲಿ.

ಎರಡನೆಯದು ‘ಏಬ್ಸ್ ಆಡಿಸಿ’, ಅದೂ 1997ರದ್ದು. ಹೊರದೇಶದಲ್ಲಿ ಇದಕ್ಕೆ ಹೆಸರಿದೆ, ನಮ್ಮಲ್ಲಿ ಆಡಿದವರು ಕಡಿಮೆ. ಏಬ್ ಅನ್ನೋನು ಒಂದು ಮಾಂಸದ ಕಾರ್ಖಾನೆಯಲ್ಲಿ ನೆಲ ಒರೆಸುವ ಜೀತದ ಆಳು. ಲಾಭ ಇಳಿದುಹೋಗಿದೆ, ಇನ್ನು ಕೆಲಸಗಾರರನ್ನೇ ಕೊಯ್ದು ಹೊಸ ತಿನಿಸು ಮಾಡೋಣ ಅಂತ ಮಾಲೀಕರು ಮಾತಾಡೋದು ಅವನ ಕಿವಿಗೆ ಬೀಳುತ್ತೆ. ಆಟ ಅಲ್ಲಿಂದ ಶುರು. ಏಬ್‌ನ ಕೈಲಿ ಬಂದೂಕಿಲ್ಲ. ‘ಹಲೋ’, ‘ನನ್ನ ಹಿಂದೆ ಬಾ’, ‘ನಿಲ್ಲು’ ಅಂತ ನಾಲ್ಕು ಮಾತು ಬರುತ್ತೆ, ಆ ಮಾತಿನಿಂದಲೇ 99 ಜನ ಜೊತೆಗಾರರನ್ನು ಹೊರಗೆ ಕರೆತರಬೇಕು. ಬಹಳ ಜನರನ್ನು ಬಿಟ್ಟು ನೀನೊಬ್ಬಳೇ ಪಾರಾದರೆ ಕಥೆ ಕೆಟ್ಟದಾಗಿ ಮುಗಿಯುತ್ತೆ. ರಾಯದುರ್ಗದ ಬೀದಿ ಬೀದಿಯಲ್ಲಿ ಜೀನ್ಸ್ ಹೊಲಿಯೋ ಮಿಷನ್ ಸದ್ದು ಕೇಳಿ ಬೆಳೆದ ಮಕ್ಕಳು ಇದನ್ನು ಆಡಬೇಕು. ದುಡಿಯುವವರ ಕಥೆಯನ್ನು ಭಾಷಣ ಮಾಡದೆ ಆಟವಾಗಿ ಹೇಗೆ ಹೇಳೋದು ಅಂತ ಇದು ಕಲಿಸುತ್ತೆ.

 

ಇನ್ನು 1998ರ ‘ಗ್ರಿಮ್ ಫ್ಯಾಂಡಾಂಗೊ’. ಲ್ಯೂಕಾಸ್ ಆರ್ಟ್ಸ್‌ನ ಟಿಮ್ ಶೇಫರ್ ಮಾಡಿದ್ದು. ಸತ್ತವರು ಪರಲೋಕಕ್ಕೆ ನಾಲ್ಕು ವರ್ಷ ನಡೆದು ಹೋಗಬೇಕು, ಪುಣ್ಯ ಮಾಡಿದವರಿಗೆ ಮಾತ್ರ ರೈಲಿನ ಟಿಕೆಟ್ಟು. ಆ ಟಿಕೆಟ್ ಮಾರುವ ಗುಮಾಸ್ತನೇ ನಾಯಕ. ಮೆಕ್ಸಿಕೊದಲ್ಲಿ ಸತ್ತ ಹಿರಿಯರ ಹಬ್ಬಕ್ಕೆ ಕಾಗದದ ಗೊಂಬೆ ಮಾಡ್ತಾರೆ, ಅಸ್ಥಿಪಂಜರದ ಗೊಂಬೆ. ಆಟದಲ್ಲಿ ಬರುವ ಸತ್ತವರೆಲ್ಲ ಆ ಗೊಂಬೆಗಳೇ. ಇದರ ಹಿಂದಿನ ಜಾಣತನ ನೋಡು. ಆ ಕಾಲದ ಕಂಪ್ಯೂಟರಿಗೆ ಮನುಷ್ಯರ ಮುಖವನ್ನು ಮೂರು ಆಯಾಮದಲ್ಲಿ ಮಾಡೋಕೆ ಬರ್ತಿರಲಿಲ್ಲ, ಮಾಡಿದರೂ ವಿಕಾರವಾಗಿ ಕಾಣ್ತಿತ್ತು. ಗೊಂಬೆಗಾದರೋ ಸರಳ ಕೊಳವೆಯಂಥ ಕೈಕಾಲು, ಮೇಲೆ ಬಣ್ಣದಲ್ಲಿ ಬರೆದ ಎಲುಬು. ಯಂತ್ರದ ಮಿತಿಗೂ ಜನಪದ ಕಲೆಗೂ ಜೋಡಿ ಕೂಡಿಬಂತು, ಅದಕ್ಕೇ ಇವತ್ತು ನೋಡಿದರೂ ಹಳತು ಅನ್ನಿಸೋದಿಲ್ಲ. ಇದೂ ಆಗ ಮಾರಾಟದಲ್ಲಿ ಸೋತಿತು. 2015ರಲ್ಲಿ ಹೊಸದಾಗಿ ಸಿದ್ಧಪಡಿಸಿ ಮತ್ತೆ ತಂದರು.

ನಿನಗೆ ಅಂಥ ಗೊಂಬೆ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಧರ್ಮವರಂ ಹತ್ತಿರದ ನಿಮ್ಮಲಕುಂಟದಲ್ಲಿ ತೊಗಲು ಬೊಂಬೆ ಮಾಡುವ ಮನೆತನಗಳಿವೆ. ಆ ಊರಿನ ದಳವಾಯಿ ಚಲಪತಿ ರಾವ್ ಅವರಿಗೆ 2020ರಲ್ಲಿ ಪದ್ಮಶ್ರೀ ಬಂತು. ಹೋಗಿ ಕೂತು ನೋಡು. ಹದ ಮಾಡಿದ ತೊಗಲಿನಲ್ಲಿ ಭುಜ ಬೇರೆ, ಮೊಣಕೈ ಬೇರೆ, ಅಂಗೈ ಬೇರೆ ಕತ್ತರಿಸಿ, ಕೀಲಿನ ಜಾಗದಲ್ಲಿ ದಾರದಿಂದ ಪೋಣಿಸಿರ್ತಾರೆ. ಕಡ್ಡಿ ಎತ್ತಿದರೆ ಕೀಲು ಕೀಲೂ ತಿರುಗುತ್ತೆ. ಎರಡು ಆಯಾಮದ ಆಟಗಳಲ್ಲಿ ಪಾತ್ರಕ್ಕೆ ‘ಮೂಳೆ’ ಕೂರಿಸಿ ಕೈಕಾಲು ಆಡಿಸೋದನ್ನ ನಿನಗೆ ಕಾಲೇಜಿನಲ್ಲಿ ಹೇಳಿಕೊಡ್ತಾರಲ್ಲ, ಆ ಲೆಕ್ಕವನ್ನು ಅವರ ಮನೆಯಲ್ಲಿ ತಲೆಮಾರುಗಳಿಂದ ಕೈಯಲ್ಲೇ ಮಾಡ್ತಿದ್ದಾರೆ. ಅವರ ಗೊಂಬೆಯ ಫೋಟೊ ತೆಗೆದು ಆಟಕ್ಕೆ ಹಾಕಿಕೊಳ್ಳೋದಿದ್ದರೆ ಕೇಳಿ ಹಾಕು, ಹಣ ಕೊಟ್ಟು ಹಾಕು, ಹೆಸರು ಬರೆದು ಹಾಕು. ಈ ಮೂರರಲ್ಲಿ ಒಂದೂ ತಪ್ಪಬಾರದು.

1999ರ ‘ಔಟ್‌ಕಾಸ್ಟ್’ ಬೆಲ್ಜಿಯಂನ ಅಪೀಲ್ ಅನ್ನೋ ಸಂಸ್ಥೆಯದ್ದು, ಹೊಡೆದಾಟ, ಅಲೆದಾಟ ಎರಡೂ ಇರೋದು. ಮಾಸ್ಕೋದ ದೊಡ್ಡ ವಾದ್ಯಗೋಷ್ಠಿಯಿಂದ ಅದಕ್ಕೆ ಸಂಗೀತ ನುಡಿಸಿದ್ದಾರೆ. ಬೇರೆ ಲೋಕದ ಜನ ತಮ್ಮ ಪದಗಳನ್ನೇ ಬಳಸಿ ಮಾತಾಡ್ತಾರೆ, ಆಡುವವನು ಅಲ್ಲಿ ಇಲ್ಲಿ ಕೇಳಿ ಅರ್ಥ ಕೂಡಿಸಿಕೊಳ್ಳಬೇಕು. ನೀನು ಒರಟಾಗಿ ನಡೆದುಕೊಂಡರೆ ಆ ಜನ ಅದನ್ನು ನೆನಪಿಟ್ಟು ಮುಂದೆ ಸಹಾಯ ಮಾಡೋದಿಲ್ಲ. ಭಾಷೆಯ ಈ ಭಾಗಕ್ಕಾಗಿಯಾದರೂ ಆಡು.

ಹೇಗೆ ಆಡಬೇಕು ಅಂತಲೂ ಹೇಳಿಬಿಡ್ತೀನಿ. ಪಕ್ಕದಲ್ಲಿ ನೋಟ್‌ಬುಕ್ಕು ಇರಲಿ. ಸಿಕ್ಕಿಕೊಂಡ ಕೂಡಲೇ ಯೂಟ್ಯೂಬಿನಲ್ಲಿ ಉತ್ತರ ಹುಡುಕಬೇಡ, ಒಂದು ರಾತ್ರಿಯಾದರೂ ತಲೆ ಕೆಡಿಸಿಕೋ. ಎಲ್ಲಿ ಬೇಜಾರಾಯಿತು, ಎಲ್ಲಿ ಮೈ ಜುಂ ಅಂದಿತು, ಆಗಲೇ ಬರೆದಿಡು. ಕಳ್ಳ ನಕಲು ಇಳಿಸಿಕೊಳ್ಳಬೇಡ. ನಮ್ಮ ಕಾಲದಲ್ಲಿ ಅಸಲಿ ಸಿ.ಡಿ. ಈ ಕಡೆ ಸಿಗ್ತಲೇ ಇರಲಿಲ್ಲ, ನಿನಗೆ ಆ ಕಷ್ಟ ಇಲ್ಲ. ಹಳೆ ಆಟಗಳನ್ನು ಈಗಿನ ಕಂಪ್ಯೂಟರಿನಲ್ಲಿ ಓಡುವ ಹಾಗೆ ಸರಿಪಡಿಸಿ ಮಾರುವ ಜಿಒಜಿ ಅನ್ನೋ ಅಂಗಡಿ ಇಂಟರ್‌ನೆಟ್ಟಿನಲ್ಲಿದೆ. ರಿಯಾಯಿತಿ ಬರೋವರೆಗೆ ಕಾದರೆ ಸಿನಿಮಾ ಟಿಕೆಟ್ಟಿನ ದುಡ್ಡಿಗೆ ಸಿಗುತ್ತೆ. ನಾಳೆ ನಿನ್ನ ಆಟವನ್ನು ಜನ ಕೊಂಡುಕೊಳ್ಳಬೇಕು ಅಂತಿದ್ದರೆ ಇವತ್ತು ನೀನು ಕೊಂಡುಕೋ.

ಆಮೇಲೆ ನಿನ್ನದೇ ಆಟ. ನನ್ನ ತಲೆಯಲ್ಲಿ ಒಂದು ಯೋಚನೆ ಬಹಳ ದಿನದಿಂದ ಕೂತಿದೆ, ಬೇಕಾದರೆ ತೊಗೋ. ನಿಮ್ಮ ಅಮರಾಪುರದ ಹತ್ತಿರದ ಹೇಮಾವತಿ, ಹಿಂದೆ ಹೆಂಜೇರು ಅಂತಿದ್ದದ್ದು, ನೊಳಂಬರ ರಾಜಧಾನಿ. ದೊಡ್ಡೇಶ್ವರ ಗುಡಿಯ ಕಲ್ಲಿನ ಜಾಲಂಧ್ರ, ಲಿಂಗದ ಬದಲು ಮನುಷ್ಯರೂಪದಲ್ಲಿ ಕೂತ ಸಿದ್ಧೇಶ್ವರ, ಕನ್ನಡ ಶಾಸನಗಳು, ನುಣುಪಾದ ಕರಿಕಲ್ಲಿನ ಕಂಬಗಳು, ಎಲ್ಲ ನೀನು ಸ್ಕೂಲ್ ಟ್ರಿಪ್ಪಿನಲ್ಲಿ ನೋಡಿದ್ದೀಯ. ನೊಳಂಬರ ಕಂಬಗಳು ಕೆಲವು ಇಲ್ಲಿಲ್ಲ. ಚೋಳರು ಗೆದ್ದು ಒಯ್ದ ಕಂಬಗಳು ತಮಿಳುನಾಡಿನ ತಿರುವೈಯಾರಿನ ದೇವಸ್ಥಾನದಲ್ಲಿ ಇವತ್ತಿಗೂ ನಿಂತಿವೆ. ಕಂಬ ಎಲ್ಲಿಗೆ ಹೋಯಿತು ಅನ್ನೋದಕ್ಕಿಂತ ಒಳ್ಳೆ ಗುಟ್ಟು ಒಂದು ಅಡ್ವೆಂಚರ್ ಆಟಕ್ಕೆ ಬೇಕಾ? ಬೆಂಗಳೂರಿನಲ್ಲಿ ಬೆಳೆದ ಹುಡುಗಿಯೊಬ್ಬಳು ರಜಕ್ಕೆ ಅಜ್ಜಿ ಮನೆಗೆ ಬರಲಿ. ಅವಳಿಗೆ ಕನ್ನಡ ಬರುತ್ತೆ, ತೆಲುಗು ಬರೋಲ್ಲ. ಬಸ್ ಸ್ಟ್ಯಾಂಡಿನಲ್ಲಿ, ಹೋಟೆಲಿನಲ್ಲಿ, ಸಂತೆಯಲ್ಲಿ ತೆಲುಗು ಮಾತು ಬರೀ ದನಿಯಾಗಿ ಕೇಳಲಿ. ಒಂದೊಂದೇ ಪದ ಕಲಿತ ಹಾಗೆ ಆ ಪದ ಮಾತ್ರ ಕೆಳಗಿನ ಸಾಲಿನಲ್ಲಿ ಅಕ್ಷರವಾಗಿ ಮೂಡಲಿ. ಕೊನೆಗೆ ತಿರುವೈಯಾರಿಗೆ ಹೋದಾಗ ತಮಿಳು, ಮತ್ತೆ ಮೊದಲಿನಿಂದ. ದನಿ ಕೊಡೋಕೆ ನಮ್ಮ ಜನರೇ ಆಗಬೇಕು. ನಮ್ಮ ಕಡೆಯ ರೊಳ್ಳದ ಮುದುಕಿಯ ಕನ್ನಡವನ್ನು ಬೆಂಗಳೂರಿನ ಸ್ಟುಡಿಯೊದಲ್ಲಿ ಯಾರಿಂದಲೋ ಹೇಳಿಸಿದರೆ ಕೇಳಿದ ಕೂಡಲೇ ಗೊತ್ತಾಗಿಬಿಡುತ್ತೆ.

ಒಂದು ತಾಂತ್ರಿಕ ಮಾತು, ಇದನ್ನು ಕಾಲೇಜಿನಲ್ಲಿ ಯಾರೂ ಹೇಳೋದಿಲ್ಲ. ಆಟ ಮಾಡುವ ಬಹಳಷ್ಟು ಸಾಧನಗಳು ಇಂಗ್ಲಿಷ್ ಅಕ್ಷರ ನೋಡಿ ಕಟ್ಟಿದವು. ಅಲ್ಲಿ ಅಕ್ಷರ ಒಂದರ ಪಕ್ಕ ಒಂದು ಕೂತರೆ ಕೆಲಸ ಮುಗಿಯಿತು. ನಮ್ಮಲ್ಲಿ ಒತ್ತು ಕೆಳಗೆ ಇಳೀಬೇಕು, ಅರ್ಕಾವೊತ್ತು ಮುಂದಕ್ಕೆ ಹೋಗಬೇಕು. ನೀನು ಯಾವ ಸಾಧನ ಹಿಡಿದರೂ ಮೊದಲ ದಿನ ‘ರಾಯದುರ್ಗ’ ಅಂತ ಟೈಪ್ ಮಾಡಿ ನೋಡು. ಸರಿಯಾಗಿ ಕೂರಿಸೋಕೆ ಬಾರದ ಸಾಧನವಾದರೆ ‘ರ’ ಒಂದು ಕಡೆ, ಅದರ ಮೇಲೆ ತೂಗಾಡುವ ಅರ್ಧ ಗುರುತು, ‘ಗ’ ಇನ್ನೊಂದು ಕಡೆ ಬಿದ್ದಿರುತ್ತೆ. ‘ಮಡಕಶಿರ’ ಬರೆದು ನೋಡಿ ಸರಿ ಇದೆ ಅಂದುಕೊಂಡುಬಿಟ್ಟೀಯ, ಅದರಲ್ಲಿ ಒತ್ತಕ್ಷರವೇ ಇಲ್ಲ, ತಪ್ಪು ಬೇಗ ಕಣ್ಣಿಗೆ ಬೀಳೋದಿಲ್ಲ. ಉಚಿತವಾಗಿ ಸಿಗುವ ಗೊಡೊ ಎಂಜಿನ್ನಿನಲ್ಲಿ 2023ರಲ್ಲಿ ಬಂದ ನಾಲ್ಕನೇ ಆವೃತ್ತಿಯಿಂದ ಭಾರತದ ಲಿಪಿಗಳು ಸರಿಯಾಗಿ ಕೂರ್ತವೆ, ಅದರ ಹಿಂದಿನದರಲ್ಲಿ ಒಡೆದುಹೋಗ್ತಿದ್ದವು. ಹೊಸದನ್ನೇ ಹಿಡಿ.

ಕೆಲಸದ ಬಗ್ಗೆ ನಿಮ್ಮಪ್ಪನಿಗೆ ಹೇಳೋಕೆ ಒಂದು ಉದಾಹರಣೆ ಕೊಡ್ತೀನಿ. ನಾನು ರಾಯದುರ್ಗದಲ್ಲಿ ಕಾಂಟ್ರಾ ಕ್ಯಾಸೆಟ್ ಒರೆಸಿ ಹಾಕ್ತಿದ್ದ ಕಾಲಕ್ಕೇ, 1997ರಲ್ಲಿ, ಬೆಂಗಳೂರಿನಲ್ಲಿ ರಾಜೇಶ್ ರಾವ್ ಅವರ ಧ್ರುವ ಇಂಟರಾಕ್ಟಿವ್ ಆಟಗಳ ಕೆಲಸಕ್ಕೆ ಇಳಿದಿತ್ತು. ಫ್ರಾನ್ಸಿನ ಇನ್ಫೋಗ್ರೇಮ್ಸ್‌ಗಾಗಿ ‘ಮಿಷನ್ ಇಂಪಾಸಿಬಲ್’ ಆಟವನ್ನು ಪಿಸಿಗೆ ತರುವ ಕೆಲಸ ಅವರ ಕೈಗೆ ಬಂತು. ಆ ಪಿಸಿ ಆಟ ಅಂಗಡಿ ಮುಖ ನೋಡಲಿಲ್ಲ, ಆದರೆ ಆ ಕೈಗಳು ಪಳಗಿದವು. ಮುಂದೆ ಹೊರದೇಶದ ದೊಡ್ಡ ದೊಡ್ಡ ಆಟಗಳಿಗೆ ಚಿತ್ರ, ಮಾದರಿ ಮಾಡಿಕೊಡುತ್ತಾ ಸಂಸ್ಥೆ ಬೆಳೆಯಿತು. 2019ರಲ್ಲಿ ರಾಕ್‌ಸ್ಟಾರ್ ಕಂಪನಿ ಅದನ್ನು ಕೊಂಡುಕೊಂಡಿತು. ಅಂಥ ಕಡೆ ಕೆಲಸ ಸಿಕ್ಕರೆ ಖುಷಿಯಿಂದ ಸೇರು. ಬೇರೆಯವರ ಆಟಕ್ಕೆ ಕಾರು, ಮರ, ಗೋಡೆ ಮಾಡೋದು ಕೀಳು ಕೆಲಸ ಅಂತ ಯಾರಾದರೂ ಹೇಳಿದರೆ ಕಿವಿಗೆ ಹಾಕ್ಕೋಬೇಡ, ಕೈ ಕುದುರೋದೇ ಅಲ್ಲಿ. ಸಂಬಳ ಮನೆಗೆ ಬರಲಿ. ಸಂಜೆಯ ಒಂದು ಗಂಟೆ ಮಾತ್ರ ನಿನ್ನ ಆಟಕ್ಕೆ ಅಂತ ಕಟ್ಟಿಡು, ಅದನ್ನು ಯಾರಿಗೂ ಬಿಟ್ಟುಕೊಡಬೇಡ.

ಮೊದಲ ಸಲವೇ ಹೇಮಾವತಿಯಿಂದ ತಿರುವೈಯಾರಿನವರೆಗೆ ಹೋಗೋಕೆ ಹೊರಡಬೇಡ, ಮುಗಿಯೋದಿಲ್ಲ. ಮಡಕಶಿರದ ಬಸ್ ಸ್ಟ್ಯಾಂಡ್ ಒಂದೇ ಸಾಕು. ಮೂರು ಜನ, ಹತ್ತು ನಿಮಿಷದ ಆಟ. ಕಂಡಕ್ಟರು, ಹೂವಿನವಳು, ಅಜ್ಜಿ. ಅದನ್ನು ಪೂರ್ತಿ ಮುಗಿಸಿ, ಇಂಗ್ಲಿಷ್ ಬಾರದ ಒಂದು ಮಗುವಿನ ಕೈಗೆ ಕೊಟ್ಟು ಪಕ್ಕದಲ್ಲಿ ಸುಮ್ಮನೆ ಕೂತು ನೋಡು. ಮಗು ಬಿಟ್ಟು ಎದ್ದುಹೋದರೆ ಎಲ್ಲಿ ಎದ್ದಿತು ಅಂತ ಬರೆದುಕೋ.

ಬರೋ ಭಾನುವಾರ ಬಿಡುವು ಮಾಡಿಕೊಂಡು ರಾಯದುರ್ಗಕ್ಕೆ ಬಾ. ಲ್ಯಾಪ್‌ಟಾಪ್ ತೊಗೊಂಡು ಬಾ, ಇಯರ್‌ಫೋನ್ ಎರಡು ಜೊತೆ ಇರಲಿ. ನಿಮ್ಮ ದೊಡ್ಡಮ್ಮ ಒಗ್ಗರಣೆ ಮಂಡಕ್ಕಿ ಮಾಡ್ತಾಳೆ. ಪ್ಯಾರಿಸ್ ಸ್ಟೇಷನ್ನಿನಿಂದ ನಾವಿಬ್ಬರೂ ಕೂತು ಶುರು ಮಾಡೋಣ.